ಗುಳಿಗೆಗೂ ಬಿಡುವು

ಚಿಕ್ಕಪ್ಪ ತೆಂಗಿನ ತೋಟದಲ್ಲಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆನೋ, ಯಾರೋ ಹೇಳಿದ್ದನ್ನೇ ಕಂಡದ್ದೆಂದು ನೆನಪಿಟ್ಟುಕೊಂಡಿದ್ದೇನೋ, ಈಗ ಖಾತ್ರಿಯಿಲ್ಲ. ಚಿತ್ರ ಮಾತ್ರ ನಿಚ್ಚಳವಾಗಿದೆ. ಹೊಳಲ್ಕೆರೆಯಿಂದ ಸ್ವಲ್ಪ ಆಚೆ ಒಂದು ತೋಟ, ಬೆಳಗಿನ ಬಿಸಿಲು. ಕುರಿಮಂದೆಯ ಸುತ್ತ ಕಟ್ಟಿದ ಬಲೆಯ ಗೂಟ ಕೀಳಲು ಚಿಕ್ಕಪ್ಪ ಬಗ್ಗುತ್ತಾನೆ. ಗೂಟ ಕಿತ್ತು ಎದ್ದು ನಿಲ್ಲುತ್ತಾನೆ. ಅವನ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಆಮೇಲೆ ಮೊಣಕಾಲೂರಿ ಮೆಲ್ಲಗೆ ಪಕ್ಕಕ್ಕೆ ಒರಗುತ್ತಾನೆ, ಕುರಿಗಳು ಅವನಿಗೆ ಜಾಗ ಬಿಡುತ್ತವೆ. ಈ ಚಿತ್ರದಲ್ಲಿ ನಾನು ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿ ನಿಂತಿದ್ದೇನೆ.

ಚಿಕ್ಕಮ್ಮ ಇದನ್ನು ಒಪ್ಪುವುದಿಲ್ಲ. "ನೀನೆಲ್ಲಿದ್ದಪ್ಪ ಅವತ್ತು? ಮಾರನೇ ದಿನ ಬಂದೆ. ಅದೂ ಬಸ್ ತಪ್ಪೋತು ಅಂತ ಸಾಯಂಕಾಲಕ್ಕೆ ಬಂದೆ" ಎನ್ನುತ್ತಾಳೆ. ಅವಳು ಅಲ್ಲೇ ಒಲೆ ಹೂಡಿ ರೊಟ್ಟಿ ತಟ್ಟುತ್ತಿದ್ದವಳು, ಅವಳು ಹೇಳುವುದೇ ನಿಜವಿರಬೇಕು. ಆದರೆ ಆ ಗೋಡೆಯ ಬಿಸಿ ನನ್ನ ಬೆನ್ನಿಗೆ ಇನ್ನೂ ನೆನಪಿದೆ. ಅದನ್ನೇನು ಮಾಡಲಿ?

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಳೆಯುವ ಯಾವ ಯಂತ್ರವನ್ನೂ ಸುಮ್ಮನೆ ನಂಬಬಾರದು ಎಂದು ಹುಡುಗರಿಗೆ ಹೇಳುವುದು ನನ್ನ ಕಸುಬು. ವಯಸ್ಸಾದಂತೆ ನನ್ನ ತಲೆಯೂ ಅಂಥದೊಂದು ಯಂತ್ರ ಎಂದು ಅನ್ನಿಸತೊಡಗಿದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬುದರಲ್ಲಿ ತಪ್ಪಿರಬಹುದು. ಚಿಕ್ಕಪ್ಪನ ಮಾತುಗಳಲ್ಲಿ ತಪ್ಪಿರಲಾರದು ಎಂದುಕೊಂಡಿದ್ದೇನೆ. ಅವನ ಮಾತು ಮರೆಯುವುದು ಕಷ್ಟ.

ಚಿಕ್ಕಪ್ಪನ ಊರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಹತ್ತಿರ. ಸುಗ್ಗಿ ಮುಗಿದ ಮೇಲೆ ಅವನೂ ಚಿಕ್ಕಮ್ಮನೂ ಕುರಿ ಹೊಡೆದುಕೊಂಡು ಹೊರಡುತ್ತಾರೆ. ಹೊಲ, ತೋಟದವರು ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂದು ತೋಟದಲ್ಲಿ ಕೆಲವು ದಿನ, ಆಮೇಲೆ ಇನ್ನೊಂದು. ಹೊಳಲ್ಕೆರೆ ಕಡೆಗೆ ಹೋದರೆ ಹಿರಿಯೂರು ಕಡೆಯಿಂದ ಬರುತ್ತಾರೆ. ಅವನ ಮೈಯಲ್ಲಿ ಒಂದು ಹಿಡಿ ಕೊಬ್ಬಿಲ್ಲ. ದಿನವಿಡೀ ನಡೆಯುವ ಮನುಷ್ಯ.

ನನ್ನ ಅಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಕಳೆದುಕೊಂಡು ಕೆಲವು ವರ್ಷ ಬದುಕಿದ್ದ. ಅಪ್ಪನಿಗೆ ರಕ್ತದೊತ್ತಡ ಇತ್ತೆಂಬುದು ಅವನು ಬಿದ್ದ ಮೇಲೇ ನಮಗೆ ಗೊತ್ತಾದದ್ದು. ಚಿಕ್ಕಪ್ಪ ಬಂದು ಮಂಚದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅಣ್ಣನ ಬಾಯನ್ನೇ ನೋಡುತ್ತಿದ್ದ. ಅಪ್ಪ ಏನೋ ಹೇಳಲು ಹೊರಟು, ಆಗದೆ ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದ. ಹೊರಗೆ ಬಂದು ಚಿಕ್ಕಪ್ಪ ನನಗೆ ಹೇಳಿದ್ದು ಇಷ್ಟೇ: "ನಂಗೆ ಸಾವು ಬಂದ್ರೆ ಬರ್ಲಿ ಕಣೋ. ಹಿಂಗೆ ಮಾತ್ರ ಬ್ಯಾಡ. ಕುರಿ ಕರಿಯಕ್ಕೆ ಬಾಯಿ ಬರದಂಗೆ ಆದ್ರೆ ಏನ್ ಮಾಡಾಣ?" ಅವನು ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಒಂದು ಸದ್ದು ಮಾಡಿದರೆ ಇಡೀ ಮಂದೆ ತಿರುಗುತ್ತದೆ. ಬೇರೆ ಯಾರು ಹಾಗೆ ಮಾಡಿದರೂ ಒಂದು ಕುರಿಯೂ ತಲೆ ಎತ್ತುವುದಿಲ್ಲ.

ಅವನ ಬಿಪಿ ಗೊತ್ತಾದದ್ದು ಹಲ್ಲಿನಿಂದ. ದವಡೆ ಹಲ್ಲು ಕೀಳಿಸಲು ಹೊಸದುರ್ಗಕ್ಕೆ ಹೋಗಿದ್ದ. ಹಲ್ಲಿನ ಡಾಕ್ಟರು ರಟ್ಟೆಗೆ ಪಟ್ಟಿ ಕಟ್ಟಿ ನೋಡಿ, ಇಷ್ಟು ಬಿಪಿ ಇಟ್ಟುಕೊಂಡು ಹಲ್ಲು ಕೀಳುವುದಿಲ್ಲ, ಮೊದಲು ದೊಡ್ಡ ಡಾಕ್ಟರಿಗೆ ತೋರಿಸು ಎಂದರಂತೆ. ಚಿಕ್ಕಪ್ಪ ಉರಿದುಹೋಗಿದ್ದ. "ನೋವಿರದು ದವಡೇಲಿ, ಅವರು ಹಿಡಿದಿದ್ದು ರಟ್ಟೆ. ನೋವೇ ಇಲ್ದಿರೋದು ಅದೆಂಥ ರೋಗಪ್ಪ?"

"ಅಪ್ಪಂಗೂ ನೋವಿರಲಿಲ್ಲ ಚಿಕ್ಕಪ್ಪ" ಎಂದೆ.

ಮರುದಿನವೇ ಹೊಸದುರ್ಗದ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ, ದಿನಕ್ಕೊಂದರಂತೆ ನುಂಗುವ ಗುಳಿಗೆ ಬರೆಸಿಕೊಂಡು ಬಂದ. ಗುಳಿಗೆಗಳನ್ನು ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡ. ಎಲೆಯಡಿಕೆ ಮರೆಯುವ ಮನುಷ್ಯನಲ್ಲ, ಇನ್ನು ಗುಳಿಗೆ ಮರೆಯುವ ಪ್ರಶ್ನೆಯೇ ಇಲ್ಲ ಎಂದು ನಮಗೆಲ್ಲ ನೆಮ್ಮದಿಯಾಯಿತು.

ತಲೆನೋವು ಶುರುವಾದದ್ದು ಆಮೇಲೆ, ಅದೂ ನನಗೆ. ಅವನ ಬಿಪಿ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಮಂದೆ ಊರ ಹತ್ತಿರ ಬಂದಾಗ ಅಲ್ಲಿನ ಆರೋಗ್ಯ ಕೇಂದ್ರದ ಸಿಸ್ಟರು ನೋಡಿದರೆ ಕೆಲವೊಮ್ಮೆ ಸರಿಯಾಗಿಯೇ ಇರುತ್ತಿತ್ತು. ಡಾಕ್ಟರು ನೋಡಿದಾಗಲೆಲ್ಲ ಜಾಸ್ತಿ. ನಾನು ಹೋದಾಗ ಒಮ್ಮೆ ಹಾಗೆ, ಒಮ್ಮೆ ಹೀಗೆ. ನನ್ನಂಥವನಿಗೆ ಮೊದಲು ಬರುವ ಅನುಮಾನ ಯಂತ್ರದ ಮೇಲೆ. ಒಂದು ಒಳ್ಳೆಯ ಯಂತ್ರ ಕೊಂಡೆ. ಭಾನುವಾರ ಬಸ್ಸು ಹತ್ತಿ ಮಂದೆ ಇದ್ದಲ್ಲಿಗೇ ಹೋದೆ. ಅವನನ್ನು ತೆಂಗಿನ ಮರಕ್ಕೆ ಬೆನ್ನು ಕೊಟ್ಟು ಕೂರಿಸಿದೆ. ಕಾಲು ಮಡಚಬೇಡ, ಮಾತಾಡಬೇಡ, ಕೈಯನ್ನು ಎದೆಯ ಮಟ್ಟಕ್ಕೆ ಇಡು, ಬೀಡಿ ಸೇದಿ ಅರ್ಧ ಗಂಟೆಯಾದರೂ ಆಗಿರಬೇಕು, ಅಂಗಿಯ ತೋಳು ಮೇಲಕ್ಕೆ ಸರಿಸು ಎಂದೆಲ್ಲ ಹೇಳಿದೆ. ಈ ನಿಯಮಗಳೆಲ್ಲ ಸರಿಯಾದವೇ, ಸುಳ್ಳಲ್ಲ. ಮಾತಾಡುತ್ತ ಕೂತರೂ ಅಂಕಿ ಮೇಲೇರುತ್ತದೆ.

"ಲೇ, ನೀನು ಹಿಂಗೆ ಕಾಲು ಸುಟ್ಟ ಬೆಕ್ಕಿನಂಗೆ ನನ್ನ ಸುತ್ತ ತಿರುಗ್ತಿದ್ರೆ ನನ್ನ ಬಿಪಿ ಇಳಿತೈತಾ? ಕುಂತ್ಕ ಮೊದ್ಲು" ಎಂದ ಚಿಕ್ಕಪ್ಪ.

"ಮೊದ್ಲು ಇವನ ಬಿಪಿ ನೋಡಾಣ, ಆಮೇಲೆ ನಿಂದು" ಎಂದು ಚಿಕ್ಕಮ್ಮ ನಕ್ಕಳು.

ಯಂತ್ರವನ್ನು ಸಿಸ್ಟರ ಯಂತ್ರದ ಜೊತೆ ಹೋಲಿಸಿದೆ. ಎರಡೂ ಹೆಚ್ಚುಕಡಿಮೆ ಒಂದನ್ನೇ ಹೇಳಿದವು. ಕೊನೆಗೆ ನಾನೊಂದು ವಿವರಣೆ ಹೊಂದಿಸಿಕೊಂಡೆ. ಕೆಲವರಿಗೆ ಡಾಕ್ಟರನ್ನು ಕಂಡ ಕೂಡಲೇ ಒತ್ತಡ ಏರುತ್ತದೆ ಎಂಬುದು ಎಲ್ಲರೂ ಒಪ್ಪಿದ ಸಂಗತಿ. ಅಣ್ಣನನ್ನು ಹಾಗೆ ನೋಡಿದವನಿಗೆ ಡಾಕ್ಟರ ಕೋಣೆಯಲ್ಲಿ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಇದನ್ನು ಡಾಕ್ಟರಿಗೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಇರಬಹುದು. ಆದರೆ ಮನೆತನದಲ್ಲಿ ಲಕ್ವ ಇದೆಯಲ್ಲ, ನಾನು ಸುಮ್ಮನಿರಲು ಆಗುವುದಿಲ್ಲ" ಎಂದು ಎರಡನೆಯ ಗುಳಿಗೆಯೊಂದನ್ನು ಸೇರಿಸಿದರು. ಉಪ್ಪಿನಕಾಯಿ ಬಿಡಬೇಕೆಂದೂ ಹೇಳಿದರು. ಮಂದೆಯ ಹಿಂದೆ ಹೋಗುವವರ ಬುತ್ತಿಯಲ್ಲಿ ರೊಟ್ಟಿ, ಉಪ್ಪಿನಕಾಯಿ ಬಿಟ್ಟರೆ ಇನ್ನೇನಿರುತ್ತದೆ ಎಂದು ನಾವು ಮರಳಿ ಬಂದು ಹೇಳಿದಾಗ ಚಿಕ್ಕಮ್ಮ ಗೊಣಗಿದಳು. ಆದರೂ ಮುಂದಿನ ಸಲ ಹೋದಾಗ ಅವಳು ಹುರುಳಿ ಚಟ್ನಿಗೆ ಹುಣಸೆಹುಳಿ ಜಾಸ್ತಿ ಮಾಡಿ ಉಪ್ಪು ಕಮ್ಮಿ ಮಾಡಿದ್ದಳು.

ಎರಡನೆಯ ಗುಳಿಗೆ ಶುರುವಾಗಿ ಕೆಲವೇ ದಿನಕ್ಕೆ ಅವನು ತೋಟದಲ್ಲಿ ಬಿದ್ದ. ನಾನು ಕಂಡೆನೋ ಇಲ್ಲವೋ ಎಂದು ಮೊದಲಲ್ಲೇ ಹೇಳಿದೆನಲ್ಲ, ಅದೇ.

ಏಟೇನೂ ಆಗಿರಲಿಲ್ಲ. ಕೈಕಾಲು ಆಡುತ್ತಿತ್ತು, ಮಾತು ಸರಿಯಿತ್ತು. ಆದರೆ ಬಿದ್ದಲ್ಲೇ ಮಲಗಿ ಅವನು ಮೊದಲು ಮಾಡಿದ್ದು ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ನೋಡಿದ್ದಂತೆ. ಕುರಿಗಳು ತಿರುಗಿ ನೋಡಿದವಂತೆ. ಇದನ್ನು ಹೇಳಿದ್ದು ಚಿಕ್ಕಮ್ಮ. ತೋಟದ ಯಜಮಾನರೂ ಅಕ್ಕಪಕ್ಕದವರೂ, ಇದು ಗುಳಿಗೆಯ ಕೆಲಸವೇ, ಇಂಗ್ಲಿಷ್ ಔಷಧಿ ಮೈಯನ್ನು ಒಣಗಿಸುತ್ತದೆ, ಬಿಟ್ಟುಬಿಡು ಎಂದರು. ಚಿಕ್ಕಮ್ಮನೂ ಆ ಕಡೆಗೇ ವಾಲಿದ್ದಳು. ಗುಳಿಗೆ ಬಿಟ್ಟರೆ ಅಪ್ಪನ ಹಾಗೆ ಆಗಬಹುದು, ನುಂಗಿದರೆ ಹೀಗೆ ಬೀಳುತ್ತಾನೆ. ಡಾಕ್ಟರಿಗೆ ಫೋನು ಮಾಡಿದೆ. ಎರಡನೆಯದನ್ನು ಸದ್ಯಕ್ಕೆ ನಿಲ್ಲಿಸಿ, ಮೊದಲನೆಯದನ್ನು ಬಿಡಬೇಡಿ, ಬೇಗ ಕರೆತನ್ನಿ ಎಂದರು.

ಮರುದಿನ ಹೊರಡುವುದೆಂದಾಯಿತು. ಆದರೆ ಬೆಳಿಗ್ಗೆ ಅವನು ಕುರಿಗಳಿಗೆ ಹುಳದ ಔಷಧಿ ಹಾಕದೆ ಎದ್ದು ಬರುವುದಿಲ್ಲ ಎಂದ. ಹಿಂದೆ ಬಿದಿರಿನ ಗೊಟ್ಟದಲ್ಲಿ ಹುಯ್ಯುತ್ತಿದ್ದರು, ಈಗ ಸೂಜಿಯಿಲ್ಲದ ದಪ್ಪ ಸಿರಿಂಜು. ಚಿಕ್ಕಮ್ಮ ಕುರಿಯನ್ನು ಮೊಣಕಾಲ ನಡುವೆ ಹಿಡಿಯುವಳು, ಅವನು ಕೆಳರೆಪ್ಪೆ ಎಳೆದು ನೋಡುವನು. ಒಳಗೆ ಬೆಳ್ಳಗಿದ್ದರೆ ಹುಳ ರಕ್ತ ಹೀರಿದೆ ಎಂದು ಔಷಧಿ, ಕೆಂಪಗಿದ್ದರೆ ಬೆನ್ನು ತಟ್ಟಿ ಬಿಡುವನು. ನಾನು ಬಾಟಲಿ ಹಿಡಿದು ನಿಂತಿದ್ದೆ.

"ಇದು ಹೋದ ಸಲದ ಔಷಧಿ ಅಲ್ಲ ಅಲ್ವಾ ಚಿಕ್ಕಪ್ಪ? ಬಣ್ಣ ಬೇರೆ ಐತೆ" ಎಂದು ಮಾತಿಗೆ ಕೇಳಿದೆ.

"ಒಂದನ್ನೇ ಹಾಕ್ತಾ ಇರಬಾರ್ದು. ಹುಳಕ್ಕೆ ರೂಢಿ ಆಗ್ಬಿಡ್ತೈತೆ. ಆಮೇಲೆ ಬಾಟ್ಲಿ ಬಾಟ್ಲಿ ಹುಯ್ದ್ರೂ ನಾಟಲ್ಲ. ಬದಲಾಯಿಸ್ಬೇಕು, ನಡುವೆ ಬಿಡುವು ಕೊಡ್ಬೇಕು. ಬಿಡುವು ಕೊಟ್ರೇನೇ ಔಷಧಿಗೆ ಕಸುವು." ಇನ್ನೊಂದು ಕುರಿಯ ರೆಪ್ಪೆ ಎಳೆಯುತ್ತ, ಏನೂ ವಿಶೇಷವಿಲ್ಲದ ದನಿಯಲ್ಲಿ ಸೇರಿಸಿದ: "ನಂದೂ ಹಂಗೇ ಅಲ್ವಾ."

"ನಿಂದು ಏನು ಹಂಗೇ?"

"ಗುಳಿಗೆ. ಅಮಾವಾಸ್ಯೆಯಿಂದ ಹುಣ್ಣಿಮೆಗಂಟ ನುಂಗ್ತೀನಿ. ಹುಣ್ಣಿಮೆಯಿಂದ ಅಮಾವಾಸ್ಯೆಗಂಟ ಬಿಡುವು. ಅದಕ್ಕೇ ನೋಡು, ಇನ್ನೂ ಒಂದೇ ಗುಳಿಗೇಲಿ ನಡಿತಿತ್ತು. ನಿಮ್ಮ ಡಾಕ್ಟ್ರು ಸುಮ್ನೆ ಎರಡು ಮಾಡಿದ್ರು."

ನಾನು ಬಾಟಲಿ ಕೆಳಗಿಟ್ಟೆ. ಚಿಕ್ಕಮ್ಮ ಹಿಡಿದಿದ್ದ ಕುರಿಯನ್ನು ಬಿಟ್ಟುಬಿಟ್ಟಳು.

ಎಲ್ಲ ಒಮ್ಮೆಗೇ ಬಿಚ್ಚಿಕೊಂಡಿತು. ಅಮಾವಾಸ್ಯೆಯ ದಿನ ನಮ್ಮವರು ಮಂದೆ ಕಿತ್ತು ಬೇರೆ ತೋಟಕ್ಕೆ ಹೊಡೆಯುವುದಿಲ್ಲ. ಅವತ್ತು ಕುರಿಗಳನ್ನು ಚಿಕ್ಕಮ್ಮನಿಗೆ ಬಿಟ್ಟು ಹೊರಗಿನ ಕೆಲಸ ಮುಗಿಸಿಕೊಳ್ಳುವುದು ರೂಢಿ. ಚಿಕ್ಕಪ್ಪ ಡಾಕ್ಟರ ಹತ್ತಿರ ಹೋಗುತ್ತಿದ್ದುದೂ ಅಮಾವಾಸ್ಯೆಗೇ. ಅಂದರೆ ಒಂದು ಪಕ್ಷ ಪೂರ್ತಿ ಗುಳಿಗೆ ಬಿಟ್ಟ ಮೈಯನ್ನು ಪ್ರತಿ ಸಲ ಅವರ ಮುಂದೆ ಇಡುತ್ತಿದ್ದ. ಅವರು ಕಂಡದ್ದು ಗುಳಿಗೆ ನುಂಗಿಯೂ ಇಳಿಯದ ಬಿಪಿ. ಅದಕ್ಕೇ ಎರಡನೆಯದನ್ನು ಸೇರಿಸಿದರು. ಅಮಾವಾಸ್ಯೆ ಕಳೆದ ಕೂಡಲೇ ಇವನು ಎರಡನ್ನೂ ಒಟ್ಟಿಗೆ ಶುರುಮಾಡಿದ. ಒಂದೇ ಸಾಕಾಗುತ್ತಿದ್ದ ಮೈಗೆ ಎರಡು ಬಿದ್ದಾಗ, ಬಗ್ಗಿ ಎದ್ದವನಿಗೆ ಕಣ್ಣು ಕತ್ತಲೆ ಬಂತು. ಡಾಕ್ಟರ ಕೋಟನ್ನು ಕಂಡು ಅವನ ಬಿಪಿ ಏರಿರಲಿಲ್ಲ. ಆ ನನ್ನ ವಿವರಣೆ ಕೇಳಲು ಚೆನ್ನಾಗಿತ್ತು, ಅಷ್ಟೇ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಮರೆತು ಬಿಟ್ಟದ್ದಲ್ಲ, ಸೋಮಾರಿತನದಿಂದ ಬಿಟ್ಟದ್ದೂ ಅಲ್ಲ. ಬಹಳ ಕಾಲ ಬಾಳಬೇಕೆಂದು, ಔಷಧಿ ಕೈಕೊಡದಿರಲೆಂದು, ತನಗೆ ಚೆನ್ನಾಗಿ ಗೊತ್ತಿದ್ದ ದಾರಿಯಲ್ಲಿ ಜಾಗ್ರತೆಯಿಂದ ನಡೆದಿದ್ದ. ಅಣ್ಣನಂತಾಗಬಾರದು ಎಂಬ ಹೆದರಿಕೆಯೇ ಅವನನ್ನು ಅಣ್ಣನ ಕಡೆಗೆ ಕರೆದೊಯ್ಯುತ್ತಿತ್ತು.

"ಚಿಕ್ಕಪ್ಪ, ಕುರಿ ಹೊಟ್ಟೇಲಿ ಹುಳ ಐತೆ. ಆ ಹುಳಕ್ಕೆ ರೂಢಿ ಆಗ್ತೈತೆ, ನಿಜ. ಬಿಪಿಗೆ ಹುಳ ಇಲ್ಲ. ರೂಢಿ ಮಾಡ್ಕಳಕ್ಕೆ ಒಳಗೆ ಯಾರೂ ಇಲ್ಲ. ನಿನ್ನ ನರದ ಬಿಗಿಯನ್ನ ಗುಳಿಗೆ ಸಡಿಲ ಮಾಡಿ ಇಟ್ಕಂಡಿರ್ತೈತೆ. ಬಿಟ್ರೆ ಮತ್ತೆ ಬಿಗೀತೈತೆ" ಎಂದೆ.

"ಯಾರೂ ಇಲ್ಲ ಅಂತ ನಿಂಗೆ ಹೆಂಗೆ ಗೊತ್ತು? ಒಳಕ್ಕೆ ಇಳಿದು ನೋಡ್ಕಂಡು ಬಂದ್ಯಾ?"

ಇದು ನಾನೇ ಕೇಳುವಂಥ ಪ್ರಶ್ನೆ. ಅಷ್ಟರಲ್ಲಿ ಚಿಕ್ಕಮ್ಮ ಬಾಯಿ ಹಾಕಿದಳು. "ಏ, ದಿನಾ ರಾತ್ರಿ ಬಲೆ ಕಟ್ತೀಯಲ್ಲ, ತೋಳಕ್ಕೆ ರೂಢಿ ಆಗ್ತೈತೆ ಅಂತ ಹುಣ್ಣಿಮೆಯಿಂದ ಅಮಾವಾಸ್ಯೆಗಂಟ ಬಲೆಗೂ ಬಿಡುವು ಕೊಡು ನೋಡಾಣ! ಎಷ್ಟು ಕುರಿ ಉಳಿತಾವೆ ಎಣಿಸ್ಕಳಾಣ."

ಚಿಕ್ಕಪ್ಪ ಅವಳನ್ನು ದುರುಗುಟ್ಟಿ ನೋಡಿದ. ನಗು ಬಂದಿತ್ತು, ತಡೆದುಕೊಂಡ. ಸೋಲುವ ಹಾಗೆ ಕಾಣುತ್ತಿತ್ತು, ಆದರೂ ಕೊನೆಯದೊಂದು ಹಿಡಿದುಕೊಂಡ. "ನಾನು ನನ್ನ ತಲೆಯಿಂದ ಮಾಡಿದ್ದಲ್ಲ ಇದು. ನಮ್ಮ ಕಡೆ ಸಮುದಾಯ ಭವನದಾಗೆ ದನದ ಡಾಕ್ಟ್ರು ಹುಳದ ಔಷಧಿ ಬಗ್ಗೆ ಸಭೆ ಮಾಡಿದ್ರಲ್ಲ, ಆವತ್ತು ನಾನೇ ಎದ್ದು ನಿಂತು ಕೇಳಿದೀನಿ. 'ಮನುಷ್ಯರ ಔಷಧಿಗೂ ಹಿಂಗೇನಾ ಸಾರ್?' ಅಂದೆ. 'ಮನುಷ್ಯರಿಗೂ ಅಷ್ಟೇ' ಅಂದ್ರು. ಎಲ್ಲರ ಎದುರಿಗೇ ಅಂದ್ರು. ಓದಿದೋರು ಅವರೂ ಅಲ್ವಾ? ನಿನ್ನೊಬ್ಬನ ಮಾತು ಹೆಂಗೆ ನಂಬ್ಲಿ?"

ಇದು ಅವನು ಆಗಲೇ ಹೊಸೆದದ್ದು ಎಂದುಕೊಂಡೆ. ಸೋಲುವವರು ಸಾಕ್ಷಿ ಹುಡುಕುವುದು ಸಹಜ. ಸುಳ್ಳೆಂದಲ್ಲ, ಬೇಕಾದದ್ದನ್ನು ಕೇಳಿಸಿಕೊಂಡಂತೆ ನೆನಪಾಗುವುದು ಎಲ್ಲರಿಗೂ ಇದ್ದದ್ದೇ. ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿದವನು ನಾನು, ಅವನಿಗೇನು ಹೇಳಲಿ?

"ಆ ಡಾಕ್ಟ್ರನ್ನ ಕೇಳ್ಕಂಡು ಬಾ" ಎಂದ. "ಅವರು ಅಲ್ಲ ಅಂದ್ರೆ ದಿನಾ ನುಂಗ್ತೀನಿ, ಸಾಯೋಗಂಟ ನುಂಗ್ತೀನಿ."

"ಅಲ್ಲಿಗಂಟ?" ಎಂದಳು ಚಿಕ್ಕಮ್ಮ.

"ಅಲ್ಲಿಗಂಟಾನೂ ನುಂಗ್ತೀನಿ ಮಾರಾಯ್ತಿ. ಕುರಿ ಹಿಡಿ."

ಅವತ್ತೇ ಹೊಸದುರ್ಗಕ್ಕೆ ಹೋದೆವು. ಚಿಕ್ಕಪ್ಪ ತನ್ನ ಪಕ್ಷದ ಲೆಕ್ಕವನ್ನು ಡಾಕ್ಟರಿಗೆ ತಾನೇ ಹೇಳಿದ, ಏನೂ ಮುಚ್ಚಿಡಲಿಲ್ಲ. ಅವರು ನಗಲಿಲ್ಲ, ಗದರಲೂ ಇಲ್ಲ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿದರು. ಒಂದೇ ಗುಳಿಗೆ, ಆದರೆ ದಿನವೂ, ಅಮಾವಾಸ್ಯೆ ಹುಣ್ಣಿಮೆ ಎನ್ನದೆ ಎಂದರು. ಆರಾಮಾಗಿದ್ದೇನೆಂದು ಬಿಡಬೇಡಿ, ಆರಾಮಾಗಿರುವುದೇ ಗುಳಿಗೆಯಿಂದ ಎಂದರು. ಬಗ್ಗಿದವರು ತಟ್ಟನೆ ಏಳಬಾರದು, ತಲೆ ಸುತ್ತಿದರೆ ನೀವೇ ನಿಲ್ಲಿಸದೆ ನನಗೆ ಹೇಳಬೇಕು, ಬೀಡಿ ಬಿಡಬೇಕು ಎಂದರು. ಬೀಡಿಯ ಮಾತು ಬಂದಾಗ ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಿದ್ದ. ಇನ್ನೂ ಹಾಗೆಯೇ ನೋಡುತ್ತಾನೆ.

ಆಮೇಲೆ ಅವನ ಬಿಪಿ ನಿಧಾನವಾಗಿ ಒಂದು ಕಡೆ ಬಂದು ನಿಂತಿತು. ಎರಡನೆಯ ಗುಳಿಗೆ ಇದುವರೆಗೆ ಬೇಕಾಗಿಲ್ಲ. ಹಲ್ಲನ್ನೂ ಕೀಳಿಸಿಕೊಂಡ. ಮತ್ತೆ ಬಿದ್ದಿಲ್ಲ. ಈ ವರ್ಷವೂ ಮಂದೆಯ ಜೊತೆ ಹೋಗಿದ್ದಾನೆ. ಮುಂದೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಈ ರೋಗ ಗುಣವಾಗುವಂಥದ್ದಲ್ಲ, ದಿನದಿನ ಹಿಡಿದಿಟ್ಟುಕೊಳ್ಳುವಂಥದ್ದು. ನನ್ನದನ್ನೂ ನೋಡಿಸಿಕೊಂಡೆ. ಗಡಿಯಲ್ಲಿದೆಯಂತೆ. ನಡೆಯಬೇಕಂತೆ, ಉಪ್ಪು ಕಮ್ಮಿ ಮಾಡಬೇಕಂತೆ. ಮಾಡುತ್ತಿದ್ದೇನೆ.

ಇವುಗಳಲ್ಲಿ ಎಷ್ಟೋ ಸಂಗತಿಗಳ ಬಗ್ಗೆ ಚಿಕ್ಕಮ್ಮನಿಗೂ ನನಗೂ ಈಗಲೂ ವಾದ ನಡೆಯುತ್ತದೆ. ಕುರಿಯ ರೆಪ್ಪೆ ನೋಡಿದ್ದು ಬಿದ್ದ ಮರುದಿನವಲ್ಲ, ಅದರ ಮುಂದಿನ ದಿನ ಎನ್ನುತ್ತಾಳೆ. ಬಲೆಯ ಮಾತು ತಾನು ಆಡಿದ್ದೇ ಅಲ್ಲ, ಚಿಕ್ಕಪ್ಪನೇ ಆಡಿಕೊಂಡು ನಕ್ಕಿದ್ದು ಎಂದೂ ಒಮ್ಮೆ ಅಂದಳು. ಹಾಗಿದ್ದರೂ ಇರಬಹುದು.

ದನದ ಡಾಕ್ಟರ ವಿಷಯ ಮಾತ್ರ ನಾನು ಬಿಡಲಿಲ್ಲ. ಅವರು ನಿವೃತ್ತರಾಗಿ ಹಿರಿಯೂರಿನಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡು, ಒಂದು ರಜೆಯ ದಿನ ಬಸ್ಸು ಹತ್ತಿದೆ. ಅಂಗಳದಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಜಗಲಿ ತೋರಿಸಿದರು. ನಾನು ಬಂದ ಕಾರಣ ಹೇಳಿದೆ. ಕುರಿಯವನೊಬ್ಬ ಸಭೆಯಲ್ಲಿ ಎದ್ದು ನಿಂತು, ಮನುಷ್ಯರ ಔಷಧಿಗೂ ಹೀಗೆಯೇನಾ ಎಂದು ಕೇಳಿದ್ದು ಅವರಿಗೆ ನೆನಪಿದೆಯೇ ಎಂದೆ.

"ಒಬ್ರಲ್ಲ, ಪ್ರತಿ ಸಭೇಲೂ ಯಾರಾದ್ರೂ ಕೇಳೋರು" ಎಂದು ನಕ್ಕರು. "ನಾನೂ 'ಮನುಷ್ಯರಿಗೂ ಅಷ್ಟೇ ಕಣ್ರಪ್ಪ' ಅಂತಿದ್ದೆ. ಎಲ್ಲ ನಗೋರು. ಸುಮ್ಸುಮ್ನೆ ಆ್ಯಂಟಿಬಯಾಟಿಕ್ ನುಂಗಬಾರ್ದು ಅಂತ ನನ್ನ ಮನಸ್ಸಲ್ಲಿ ಇದ್ದಿದ್ದು. ಯಾಕ್ರಿ, ಏನಾಯ್ತು?"

ಹೇಳಿದೆ. ಅವರು ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟರು. ನಿಮ್ಮ ಚಿಕ್ಕಪ್ಪನಿಗೆ ಫೋನು ಹಚ್ಚಿ ಕೊಡಿ ಎಂದರು. ಚಿಕ್ಕಪ್ಪ ಎತ್ತಿದ. ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. "ಯಜಮಾನ್ರೇ, ನಾನು ಹೇಳಿದ್ದು ಹುಳದ ಔಷಧಿಗೆ. ಬಿಪಿದು ದಿನಾ ತಗಳ್ರಿ, ಒಂದು ದಿನಾನೂ ಬಿಡಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಫೋನು ನನ್ನ ಕೈಗೆ ಬಂದಾಗ ಚಿಕ್ಕಪ್ಪ ಕೇಳಿದ್ದು ಒಂದೇ: "ಅಂದಿದ್ದು ನಿಜ ತಾನೇ?"

ನಿಜ. ಅವರು ಅಂದಿದ್ದರು.